ಶಿಕಾರಿಪುರ–ಸೊರಬ ಸೀಮೆಯ ಆಂಟಿವೈರಸ್ ಮೀಮಾಂಸೆ

ಪ್ರಮೇಯ: ರಕ್ಷಣಾ ತಂತ್ರಾಂಶ ಈ ಎರಡು ತಾಲ್ಲೂಕುಗಳಿಗೆ ಹೊಸದಲ್ಲ. ಬಿ.ಎಲ್. ರೈಸ್ ತಮ್ಮ 'ಎಪಿಗ್ರಾಫಿಯಾ ಕರ್ನಾಟಿಕ'ದ 7ನೇ ಸಂಪುಟದಲ್ಲಿ (1902) ಶಿಕಾರಿಪುರದ, 8ನೆಯದರಲ್ಲಿ (1904) ಸೊರಬದ ಶಾಸನಗಳನ್ನು ಅಚ್ಚು ಹಾಕಿಸಿದಾಗಲೇ ಅದು ಬಯಲಾಗಿದೆ. ದಾನಶಾಸನಗಳ ಕೊನೆಗೆ ಬರುವ ಶಾಪಾಶಯ ನೋಡಿ: ದಾನ ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು 60,000 ವರ್ಷ ಅಮೇಧ್ಯದ ಹುಳುವಾಗಿರುತ್ತಾನೆ. ಕಲ್ಲಿನ ಮೇಲೆ ಇನ್‌ಸ್ಟಾಲ್ ಆದ ಈ ವ್ಯವಸ್ಥೆಗೆ ವರ್ಷವರ್ಷದ ನವೀಕರಣ ಶುಲ್ಕವಿರಲಿಲ್ಲ. ಕೊರತೆ ಒಂದೇ, ಓದಬಲ್ಲ, ಓದಿ ಹೆದರಬಲ್ಲ ಕಳ್ಳನನ್ನು ಮಾತ್ರ ತಡೆಯುತ್ತಿತ್ತು. ಇಂದಿನ ಆಂಟಿವೈರಸ್ಸೂ ಹೆಚ್ಚಾಗಿ ಗುರುತು ಪರಿಚಯವಿರುವ ಕಳ್ಳನನ್ನೇ ಹಿಡಿಯುತ್ತದೆ.

ಪೂರ್ವಪಕ್ಷ: 'ಮೊಬೈಲಿಗೆ ಆಂಟಿವೈರಸ್ ಹಾಕ್ಸಿದೀನಿ, ನಂಗೇನು ಭಯ?' ಇದು ಶಿರಾಳಕೊಪ್ಪದಿಂದ ಆನವಟ್ಟಿಯವರೆಗೆ ಬಸ್ಸಿನಲ್ಲಿ ಕೇಳಿಬರುವ ಪ್ರಬಲ ಮತ. ಮಾಯೆಯ ಕೈಗೆ ಸಿಗದ ಅಲ್ಲಮ ಹುಟ್ಟಿದ್ದು ಇದೇ ಸೀಮೆಯ ಬಳ್ಳಿಗಾವಿಯಲ್ಲಾದ್ದರಿಂದ ಆ ಗುಣ ಇಲ್ಲಿಯ ಮೊಬೈಲುಗಳಿಗೂ ಇಳಿದು ಬಂದಿದೆಯೆಂದು ವಾದಿಸುವವರೂ ಇರಬಹುದು.

ಖಂಡನೆ: ಮೊದಲನೆಯದು ಕರೆಯೋಲೆ ನ್ಯಾಯ. ವಾಟ್ಸಾಪಿಗೆ ಮದುವೆ ಕರೆಯೋಲೆ ಎಂದು ಎಪಿಕೆ ಎಂಬ ಆ್ಯಪ್ ಫೈಲೊಂದು ಬರುತ್ತದೆ. ಅಪಾಯವಿದೆ ಎಂದು ಫೋನು ಎಚ್ಚರಿಸುತ್ತದೆ. ಯಜಮಾನನಿಗೆ ಹೋಳಿಗೆ ನೆನಪಾಗುತ್ತದೆ. ಇನ್‌ಸ್ಟಾಲ್ ಒತ್ತಿ, ಎಸ್ಸೆಮ್ಮೆಸ್ ಓದುವ ಅನುಮತಿಯನ್ನೂ ಕೊಡುತ್ತಾನೆ. ಇನ್ನು ಕಳ್ಳನಿಗೆ ಒಟಿಪಿ ಕೇಳುವ ಕಷ್ಟವೂ ತಪ್ಪಿತು.

ಎರಡನೆಯದು ಕರೆಂಟು ನ್ಯಾಯ. 'ಬಿಲ್ ಬಾಕಿ, ರಾತ್ರಿ 9:30ಕ್ಕೆ ಕರೆಂಟ್ ಕಟ್' ಎಂಬ ಸಂದೇಶ ಬರುತ್ತದೆ. ಮಳೆಗಾಲದಲ್ಲಿ ಹೇಳದೆ ಕೇಳದೆ ಕರೆಂಟು ಹೋಗುವ ಸೀಮೆಯಲ್ಲಿ, ಹೊತ್ತು ಹೇಳಿ ಹೋಗುವ ಕರೆಂಟನ್ನು ಜನ ನಂಬಿದ್ದು ಹೇಗೆಂಬುದು ವಿದ್ವಾಂಸರಿಗೆ ಬಿಡಿಸಲಾಗದ ಒಗಟು. ಆ ನಂಬರಿಗೆ ಫೋನ್ ಮಾಡಿದರೆ, ನಮ್ಮ ಸ್ಕ್ರೀನನ್ನು ಅವರಿಗೆ ತೋರಿಸುವ ಆ್ಯಪೊಂದನ್ನು ಹಾಕಿಕೊಳ್ಳಲು ಹೇಳುತ್ತಾರೆ. ಆ್ಯಪು ಅಸಲಿ, ಹಾಕಿಕೊಂಡವನು ಯಜಮಾನ. ತಂತ್ರಾಂಶ ಯಾರನ್ನು ತಡೆಯಬೇಕು?

ಮೂರನೆಯದು ಡಿಜಿಟಲ್ ಅರೆಸ್ಟ್ ನ್ಯಾಯ, ಅಂದರೆ ವಿಡಿಯೊ ಕಾಲಿನಲ್ಲೇ ಬಂಧಿಸಿದ್ದೇವೆಂದು ಹೆದರಿಸಿ ದುಡ್ಡು ಕೀಳುವುದು. ವಿಡಿಯೊ ಕಾಲ್ ಅಸಲಿ, ಬ್ಯಾಂಕಿನ ಆ್ಯಪ್ ಅಸಲಿ, ಪಿನ್ ಅಸಲಿ, ಖಾತೆದಾರನೂ ಅಸಲಿ. ಪೊಲೀಸ್ ಮಾತ್ರ ನಕಲಿ. ಖಾಕಿ ಅಂಗಿಗೆ ವೈರಸ್ ಹತ್ತುವುದಿಲ್ಲವಾದ್ದರಿಂದ ಸ್ಕ್ಯಾನಿಂಗಿನಲ್ಲಿ ಏನೂ ಕಾಣುವುದಿಲ್ಲ. ಇಂಥ ಬಂಧನ ಕಾನೂನಿನಲ್ಲೇ ಇಲ್ಲವೆಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿಯೇ ರೇಡಿಯೊದಲ್ಲಿ ಹೇಳಿದರು. ಆದರೆ ಅರೆಸ್ಟ್ ಆದವನಿಗೆ ರೇಡಿಯೊ ಕೇಳಲು ಪುರುಸೊತ್ತೆಲ್ಲಿ?

ಫಲಶ್ರುತಿ: ಶಾಸನದಲ್ಲಿ ಪಾಪವೆಲ್ಲ ಕದ್ದವನಿಗೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಲ್ಲಾದರೋ, ಗ್ರಾಹಕನೇ ಪಿನ್ ಬಿಟ್ಟುಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನ ತಲೆಗೇ ಎಂದಿತ್ತು. ಆದ್ದರಿಂದ ದುಡ್ಡು ಹೋದ ಕೂಡಲೇ ಬ್ಯಾಂಕಿಗೂ ಸೈಬರ್ ಸಹಾಯವಾಣಿ 1930ಕ್ಕೂ ಫೋನ್ ಮಾಡಬೇಕೆಂಬುದು ವಿಧಿ. ರೂಢಿಯಲ್ಲಿ ಮೊದಲ ಫೋನು ಹೋಗುವುದು ಬೆಂಗಳೂರಿನ ಅಳಿಯನಿಗೆ. ಅವನು ಊರಿಗೆ ಬಂದಾಗ ಹೊಸ ಆಂಟಿವೈರಸ್ ಹಾಕಿಕೊಡುತ್ತಾನೆ.

ಸಿದ್ಧಾಂತ: ತಂತ್ರಾಂಶ ಕಾಯುವುದು ಫೋನನ್ನು, ಕಳ್ಳ ಕೆಲಸ ಮಾಡುವುದು ಯಜಮಾನನ ಮೇಲೆ. ಅಂಗಳಕ್ಕೆ ಬಂದವರನ್ನು 'ಯಾವೂರಾಯ್ತು? ಯಾರ ಮನೆ?' ಎಂದು ವಿಚಾರಿಸದೆ ಬಿಡದ ನಮ್ಮ ಜನ, ಫೋನಿನಲ್ಲಿ ಬಂದವರಿಗೆ ಮಾತ್ರ ಆ ವಿಚಾರಣೆಯಿಂದ ವಿನಾಯಿತಿ ಕೊಟ್ಟಿದ್ದಾರೆ. ಅದನ್ನು ರದ್ದು ಮಾಡತಕ್ಕದ್ದು. 'ಮುಂಬೈ ಸಿಬಿಐ ಮಾತಾಡ್ತಿದೀವಿ' ಎಂದರೆ, 'ಅದಿರ್ಲಿ ಮಾರಾಯ್ರೇ, ನಿಮ್ಮನೆ ಯಾವ ಕಡೆ ಆಯ್ತು?' ಎನ್ನತಕ್ಕದ್ದು. ಲೈನು ಕಟ್ಟಾದರೆ ಸಿದ್ಧಾಂತ ಗೆದ್ದಿತು. ಕಟ್ಟಾಗದೆ ಸರಿಯಾದ ಉತ್ತರವೇ ಬಂದರೆ ಆತ ದಾಯಾದಿಯಿರಬೇಕು. ಅವನಿಗಂತೂ ಪಿನ್ ಹೇಳಲೇಬಾರದು.