ನಾಜಲ್ ಮೀಮಾಂಸೆ: ಗೃಹಖಂಡ

ಡೀಸೆಲ್ ಎಂಜಿನ್ನಿಗೆ ಎಣ್ಣೆ ಚಿಮ್ಮಿಸುವ ನಾಜಲನ್ನು ಮನೆಯಲ್ಲೇ ಪರೀಕ್ಷಿಸಬಹುದೇ ಎಂಬ ಜಿಜ್ಞಾಸೆಯನ್ನು ನಮ್ಮ ಆಚಾರ್ಯರು ಎತ್ತಿಕೊಳ್ಳಲಿಲ್ಲ. ಅವರ ತಪ್ಪಲ್ಲ. ರುಡಾಲ್ಫ್ ಡೀಸೆಲನ ಎಂಜಿನ್ ಸರಿಯಾಗಿ ಓಡಿದ್ದೇ 1897ರಲ್ಲಿ, ಅದೂ ಎಣ್ಣೆಯನ್ನು ಒತ್ತಿದ ಗಾಳಿಯಿಂದ ಒಳಕ್ಕೆ ಊದಿ. 1927ರಲ್ಲಿ ಬಾಷ್ ಕಂಪನಿ ಇಂಜೆಕ್ಷನ್ ಪಂಪನ್ನು ರಾಶಿರಾಶಿಯಾಗಿ ತಯಾರಿಸತೊಡಗಿದ ಮೇಲೆ ನಾಜಲ್ ಲೋಕದ ತುಂಬ ಹರಡಿತು. ಬೆಂಗಳೂರಿನ ಆಡುಗೋಡಿಯಲ್ಲಿದ್ದ, ಅದೇ ಬಾಷ್‌ನವರ ಮೈಕೋ ಕಾರ್ಖಾನೆ ನೆನಪಿರುವ ಕನ್ನಡಿಗ ಚೆನ್ನೈನ ಮಾಂಬಲದಲ್ಲಿ ಬಾಡಿಗೆಗಿದ್ದರೂ ಈ ಶಾಸ್ತ್ರಕ್ಕೆ ಅಧಿಕಾರಿಯೇ.

ಪೂರ್ವಪಕ್ಷ ಹೀಗೆ: ನಾಜಲನ್ನು ಕೈಪಂಪಿನ ಟೆಸ್ಟರಿಗೆ ಬಿಗಿದು ಹಿಡಿಕೆ ಒತ್ತಿದರೆ ಮುಗಿಯಿತು. ಒಳ್ಳೆಯ ನಾಜಲ್ ಕರ್ ಕರ್ ಎನ್ನುತ್ತ ಎಣ್ಣೆಯನ್ನು ಮಂಜು ಮಾಡುತ್ತದೆ. ಕೆಟ್ಟದ್ದು ನೆಗಡಿಯಾದ ಮಗುವಿನ ಮೂಗಿನಂತೆ ಸೋರುತ್ತದೆ. ತೆರೆಯುವ ಒತ್ತಡಕ್ಕಿಂತ 20 ಬಾರ್ ಕೆಳಗೆ ಹಿಡಿದು 10 ಸೆಕೆಂಡು ಕಾದರೂ ತುದಿಯಿಂದ ಹನಿ ಬೀಳಬಾರದು. ಇಷ್ಟು ನಿರ್ವಿವಾದ. ಆದರೆ ಗೃಹಪಂಡಿತರು ಪ್ರತ್ಯಕ್ಷವೇ ಪರಮಪ್ರಮಾಣವೆಂದು ಸಿಂಪಡಿಕೆಗೆ ಬೆರಳೊಡ್ಡುತ್ತಾರೆ.

ಸಿದ್ಧಾಂತ: ಒಡ್ಡಕೂಡದು. ಕಾರಿನ ಟೈರಿನಲ್ಲಿರುವುದು 2 ಬಾರ್ ಚಿಲ್ಲರೆ. ಹಳೇ ನಾಜಲ್ ಕೂಡ ಬಾಯಿ ತೆರೆಯಲು ನೂರಕ್ಕೂ ಹೆಚ್ಚು ಬಾರ್ ಬೇಡುತ್ತದೆ. ಆ ಎಣ್ಣೆ ಚರ್ಮವನ್ನು ತೋಯಿಸುವುದಿಲ್ಲ, ತೂರಿಕೊಂಡು ಹೋಗುತ್ತದೆ. ಹೊರಗೆ ಕಾಣುವುದು ಸೂಜಿಮೊನೆಯಷ್ಟು ಗಾಯ, ಮೊದಲಿಗೆ ನೋವೂ ಅಷ್ಟಕ್ಕಷ್ಟೇ. ಒಳಗೆ ಬೆರಳು ಸಾಯತೊಡಗಿರುತ್ತದೆ. ಅರಿಶಿನ ಹಚ್ಚುವ ಸಂಪ್ರದಾಯಕ್ಕೆ ಇಲ್ಲಿ ಪ್ರವೇಶವಿಲ್ಲ. ತಕ್ಷಣ ಆಸ್ಪತ್ರೆಗೆ ಓಡಿ, ಒತ್ತಡದ ಡೀಸೆಲ್ ಒಳಹೊಕ್ಕಿದೆ ಎಂದು ಬಿಡಿಸಿ ಹೇಳಬೇಕು. ಮುಂದಿನ ವಾದವನ್ನು ಸರ್ಜನ್ ಮಂಡಿಸುತ್ತಾರೆ. ಆದ್ದರಿಂದ ಅನುಮಾನ ಪ್ರಮಾಣವೇ ಲೇಸು: ಕೈಯಲ್ಲಿ ಹಿಡಿಯದೆ ಒರಗಿಸಿಟ್ಟ ರಟ್ಟು, ಅದರ ಮೇಲಿನ ಕಲೆ, ಕಣ್ಣಿಗೆ ಗಾಗಲ್.

ಇನ್ನು ದೇಶಕಾಲ. ನಮ್ಮ ದೇಶದ ಮಾನದಂಡದಲ್ಲಿ ಡೀಸೆಲಿನ ಆವಿ ಕಿಡಿಗೆ ಹೊತ್ತುವ ಉಷ್ಣತೆ ಕನಿಷ್ಠ 35 ಡಿಗ್ರಿ ಇದ್ದರೆ ಸಾಕು. ಮೇ ತಿಂಗಳಲ್ಲಿ ತಮಿಳರು ಕತ್ತಿರಿ ಎನ್ನುವ ಬಿಸಿಲಿನಲ್ಲಿ ಚೆನ್ನೈನ ನೆರಳೇ 40 ಮುಟ್ಟುತ್ತದೆ. ಮಂಜಾದ ಎಣ್ಣೆಗಂತೂ ಅಷ್ಟು ಬಿಸಿಯೂ ಬೇಡ. ಅಡುಗೆಮನೆಯ ಒಲೆ, ದೇವರಮನೆಯ ದೀಪ, ಬಾಲ್ಕನಿಯಲ್ಲಿ ಮಾವನವರ ಬೀಡಿ: ಹೀಗೆ ಮನೆಯ ಒಂದೊಂದೇ ಭಾಗ ಕಳೆಯುತ್ತ ಹೋದರೆ ಪರೀಕ್ಷೆಗೆ ಉಳಿಯುವುದು ಬೀದಿ.

ಹೊಸ ಗಾಡಿಗಳ ಕಾಮನ್ ರೇಲ್ ಎಂಜಿನ್ನಿನ ಪ್ರಕರಣ ಚಿಕ್ಕದು. ಅಲ್ಲಿ ಒತ್ತಡ 1600 ಬಾರ್ ದಾಟುವುದುಂಟು, ಕೈಪಂಪು ಕೆಲಸಕ್ಕೆ ಬಾರದು. ನಾಜಲಿನ ತುದಿಗೆ ಮುಚ್ಚಳ ಹಾಕಿ ಚೆನ್ನೈನ ಪುದುಪೇಟೆ ಕಡೆ ಟೆಸ್ಟ್ ಬೆಂಚ್ ಇರುವ ಪಂಪ್ ಅಂಗಡಿಗೆ ಒಯ್ಯತಕ್ಕದ್ದು. ಬರುವಾಗ ಅದರಡಿಗೆ ಹಾಕಲು ಹೊಸ ತಾಮ್ರದ ವಾಷರ್ ತರತಕ್ಕದ್ದು. ಹಳೇ ವಾಷರೇ ಸಾಕೆಂಬ ಪಂಥವೊಂದಿದೆ. ಅದರ ಅನುಯಾಯಿಗಳನ್ನು ಸಿಗ್ನಲ್ಲಿನಲ್ಲಿ ಎಂಜಿನ್ನಿನಿಂದ ಸೋರುವ ಚಫ್ ಚಫ್ ಸದ್ದಿನಿಂದಲೇ ಗುರುತಿಸಬಹುದು.