ರೂಟ್ ಫೋನ್ ಕೈಪಿಡಿ: ಸಿವಿಲ್ ಲೈನ್ಸ್ ಆವೃತ್ತಿ

ಬಳಸುವ ಮುನ್ನ ಓದಿ

ಈ ಕೈಪಿಡಿ ನಾಗಪುರದ ಸಿವಿಲ್ ಲೈನ್ಸಿನಲ್ಲಿ ವಾಸಿಸುವ, ಇಲ್ಲವೇ ವರ್ಗಾವಣೆಯ ಆದೇಶ ಹಿಡಿದು ಬಂದು ವಾಸಿಸಲೇಬೇಕಾದ ಕನ್ನಡಿಗರಿಗಾಗಿ. ರಿಸರ್ವ್ ಬ್ಯಾಂಕು, ಮಹಾಲೇಖಪಾಲರ ಕಚೇರಿ, ಆದಾಯ ತೆರಿಗೆ ಭವನ, ಹೈಕೋರ್ಟಿನ ನಾಗಪುರ ಪೀಠ, ವಿಧಾನ ಭವನ ಎಲ್ಲವೂ ಇರುವ ಬಡಾವಣೆ ಇದು. ಇಲ್ಲಿ ಅಧಿಕಾರ ಯಾರ ಕೈಯಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಗೇಟಿನ ಮೇಲೆ ಬರೆದಿರುತ್ತದೆ: ಹೆಸರು, ಹೆಸರಿನ ಕೆಳಗೆ ಹುದ್ದೆ, ಹುದ್ದೆಯ ಕೆಳಗೆ ಇಲಾಖೆ. ಇಂಥ ಜಾಗದಲ್ಲಿ ಕೂತು ತನ್ನ ಫೋನಿನ ಸರ್ವಾಧಿಕಾರವನ್ನು ಕೈಗೆ ತೆಗೆದುಕೊಳ್ಳಲು, ಅಂದರೆ ಅದನ್ನು ರೂಟ್ ಮಾಡಲು, ಹೊರಟವರಿಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಈ ಅಧಿಕಾರಕ್ಕೆ ಬೋರ್ಡು ಹಾಕುವ ಹಾಗಿಲ್ಲ. ಕೈಗೆ ಸಿಕ್ಕ ಗಳಿಗೆಯಿಂದ ಅದನ್ನು ಮುಚ್ಚಿಡುವುದೇ ಕೆಲಸ. ಸಿಕ್ಕ ಅಧಿಕಾರದ ಮುಕ್ಕಾಲು ಪಾಲು ಆ ಕೆಲಸಕ್ಕೇ ಖರ್ಚಾಗುತ್ತದೆ.

ಮೊದಲು ಒಂದು ಕಾರಣ ಹುಡುಕಿಕೊಳ್ಳಿ

ಕಾರಣವಿಲ್ಲದೆ ರೂಟ್ ಮಾಡಬಾರದು. ಮಾಡಿದ ಮೇಲೆ ಮನೆಯವರು ಕೇಳುತ್ತಾರೆ.

ಕನ್ನಡಿಗರಿಗೆ ಒಂದು ಕಾಲದಲ್ಲಿ ಒಳ್ಳೆಯ ಕಾರಣವೇ ಇತ್ತು. 2012ರ ಜುಲೈಯಲ್ಲಿ ಆಂಡ್ರಾಯ್ಡ್ 4.1 ಬರುವವರೆಗೆ ಗೂಗಲ್ಲಿನ ಮೂಲ ತಂತ್ರಾಂಶಕ್ಕೆ ಕನ್ನಡ ಬರುತ್ತಿರಲಿಲ್ಲ. ಊರಿನಿಂದ ಅಣ್ಣ ಕನ್ನಡದಲ್ಲಿ ಮೇಲ್ ಬರೆದರೆ ನಾಗಪುರದ ಫೋನಿನಲ್ಲಿ ಚೌಕಗಳ ಸಾಲು ಕಾಣಿಸುತ್ತಿತ್ತು. ಸಾಧು ಸ್ವಭಾವದವರು ಒಪೇರಾ ಮಿನಿಯ ಗುಪ್ತ ಸೆಟ್ಟಿಂಗಿಗೆ ಹೋಗಿ, ಕ್ಲಿಷ್ಟ ಲಿಪಿಗಳನ್ನು ಚಿತ್ರವಾಗಿ ತೋರಿಸು ಎಂಬ ಆಯ್ಕೆಯನ್ನು ಒತ್ತಿ, ಪತ್ರಿಕೆಗಳ ಜಾಲತಾಣ ಓದಿಕೊಂಡು ಸುಮ್ಮನಿರುತ್ತಿದ್ದರು. ಹಟವಾದಿಗಳು ಫೋನ್ ರೂಟ್ ಮಾಡಿ, ಸಿಸ್ಟಂ ಕಡತಕೋಶದಲ್ಲಿದ್ದ ಡ್ರಾಯ್ಡ್ ಸಾನ್ಸ್ ಫಾಲ್‌ಬ್ಯಾಕ್ ಎಂಬ ಅಕ್ಷರಕಡತವನ್ನು ತೆಗೆದು, ಕನ್ನಡ ಸೇರಿಸಿದ ಕಡತವನ್ನು ಅದೇ ಹೆಸರಿನಲ್ಲಿ ಕೂರಿಸುತ್ತಿದ್ದರು. ಚೌಕಗಳು ಹೋಗಿ ಅಕ್ಷರಗಳು ಬರುತ್ತಿದ್ದವು. ಆದರೆ ಅಕ್ಷರಗಳನ್ನು ಹೊಂದಿಸುವ ಭಾಗ ಫೋನಿನಲ್ಲಿ ಇರುತ್ತಿರಲಿಲ್ಲವಾದ್ದರಿಂದ ಒತ್ತಕ್ಷರಗಳು ಕೆಳಗಿಳಿಯದೆ ಸಾಲಿನಲ್ಲೇ ನಿಲ್ಲುತ್ತಿದ್ದವು, ಗುಡಿಸು ಕೊಂಬುಗಳು ಅಕ್ಷರ ಬಿಟ್ಟು ಪಕ್ಕಕ್ಕೆ ಸರಿಯುತ್ತಿದ್ದವು. ಆ ಕನ್ನಡವನ್ನೂ ನಾವು ಓದಿದ್ದೇವೆ.

ಈಗಿನ ಕಾರಣಗಳು ಅಷ್ಟು ಘನವಾಗಿಲ್ಲ. ಜಾಹೀರಾತು ತಡೆಯಬೇಕು. ಕರೆ ರೆಕಾರ್ಡ್ ಮಾಡಬೇಕು. 2022ರ ಮೇ ತಿಂಗಳಲ್ಲಿ ಗೂಗಲ್ ಪ್ಲೇಸ್ಟೋರಿನ ಆ್ಯಪ್‌ಗಳಿಗೆ ಆ ದಾರಿ ಮುಚ್ಚಿತು, ಗೂಗಲ್ಲಿನದೇ ಫೋನ್ ಆ್ಯಪ್ ರೆಕಾರ್ಡ್ ಮಾಡುವ ಮೊದಲು ಆ ಸಂಗತಿಯನ್ನು ಎರಡೂ ಕಡೆಯವರಿಗೆ ಜೋರಾಗಿ ಸಾರುತ್ತದೆ. ಸಿವಿಲ್ ಲೈನ್ಸಿನವರಿಗೆ ನಾನು ಶಿಫಾರಸು ಮಾಡುವ ಕಾರಣ ಬ್ಯಾಟರಿ. ಮೇ ತಿಂಗಳಿನಲ್ಲಿ ಇಲ್ಲಿ 45 ಡಿಗ್ರಿ ದಾಟುವುದು ಮಾಮೂಲು. (2024ರ ಮೇ ಕೊನೆಯಲ್ಲಿ ಊರಿನ ಒಂದು ಸ್ವಯಂಚಾಲಿತ ಹವಾಮಾನ ಕೇಂದ್ರ 56 ಡಿಗ್ರಿ ತೋರಿಸಿ ದೇಶವನ್ನೇ ಬೆಚ್ಚಿಬೀಳಿಸಿತು, ಸೆನ್ಸರ್ ಕೆಟ್ಟಿತ್ತು ಎಂದು ಹವಾಮಾನ ಇಲಾಖೆ ಆಮೇಲೆ ಹೇಳಿತು. ಊರಿನವರಲ್ಲಿ ಕೆಲವರು ಇವತ್ತಿಗೂ ಸೆನ್ಸರಿನ ಪಕ್ಷದಲ್ಲೇ ಇದ್ದಾರೆ.) ಅಂಥ ಸೆಕೆಯಲ್ಲಿ ಚಾರ್ಜು ಶೇಕಡಾ 80ಕ್ಕೆ ನಿಲ್ಲುವಂತೆ ಮಾಡುವ ಎಸಿಸಿ ಎಂಬ ಮಾಡ್ಯೂಲ್ (ರೂಟ್ ಮಾಡಿದ ಫೋನಿಗೆ ಸೇರಿಸುವ ಹೆಚ್ಚುವರಿ ತುಣುಕು) ಉಪಕಾರಿ. ಹೊಸ ಫೋನುಗಳಲ್ಲಿ ಈ ಸೌಲಭ್ಯವನ್ನು ಕಂಪನಿಯೇ ಕೊಡುತ್ತಿದೆ ಎಂಬುದನ್ನು ಮನೆಯಲ್ಲಿ ಪ್ರಸ್ತಾಪಿಸಬೇಡಿ.

ಬೀಗ ತೆಗೆಯುವುದು

ಬೇಕಾದ ಸಾಮಗ್ರಿ: ಲ್ಯಾಪ್‌ಟಾಪ್, ಡೇಟಾ ಹೋಗುವ ಕೇಬಲ್ (ಮನೆಯಲ್ಲಿರುವ ನಾಲ್ಕು ಕೇಬಲ್‌ಗಳಲ್ಲಿ ಮೂರಕ್ಕೆ ಚಾರ್ಜು ಮಾತ್ರ ಹೋಗುತ್ತದೆ), ಓಡುತ್ತಿರುವ ಕೂಲರ್, ಮತ್ತು ಈ ಫೋನಿಗೆ ಅರ್ಧ ದಿನ ಯಾರೂ ಕರೆ ಮಾಡುವುದಿಲ್ಲ ಎಂಬ ಭರವಸೆ. ಊರಿನ ಬರ್ಡಿ ಪೇಟೆಯ ಮೊಬೈಲ್ ಗಲ್ಲಿಗಳಲ್ಲಿ ವಿಚಾರಿಸಿದರೆ "ಹೋ ಜಾಯೇಗಾ ಭೈಯಾ" ಅನ್ನುತ್ತಾರೆ. ಆಗುತ್ತದೆ, ನಿಜ. ಏನು ಆಗುತ್ತದೆ ಎಂದು ಅವರು ಹೇಳುವುದಿಲ್ಲ.

ಸೆಟ್ಟಿಂಗಿನಲ್ಲಿ ಬಿಲ್ಡ್ ನಂಬರ್ ಹುಡುಕಿ ಅದರ ಮೇಲೆ ಏಳು ಸಲ ತಟ್ಟಿ. ನೀವೀಗ ಡೆವಲಪರ್ ಎಂದು ಫೋನು ಘೋಷಿಸುತ್ತದೆ. ಇಷ್ಟು ಸುಲಭವಾಗಿ ಪದವಿ ಸಿಗುವುದು ಇದೊಂದೇ ಕಡೆ. ಆಮೇಲೆ ಒಇಎಂ ಅನ್‌ಲಾಕ್ ಆಯ್ಕೆ ಚಾಲೂ ಮಾಡಿ, ಫಾಸ್ಟ್‌ಬೂಟ್‌ಗೆ ಹೋಗಿ ಫೋನನ್ನು ಎಬ್ಬಿಸುವ ಬೂಟ್‌ಲೋಡರಿನ ಬೀಗ ತೆಗೆಯಬೇಕು. ತೆಗೆದ ಕೂಡಲೇ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಇದು ದೋಷವಲ್ಲ, ಕದ್ದವನು ಬೀಗ ತೆಗೆದು ಒಳಗಿನದನ್ನು ಓದಬಾರದೆಂದು ಮಾಡಿದ ಏರ್ಪಾಡು. ಮೊಮ್ಮಗುವಿನ ನಾಮಕರಣದ ಫೋಟೋಗಳನ್ನು ಮುಂಚೆಯೇ ನಕಲು ಮಾಡಿಟ್ಟುಕೊಳ್ಳಿ.

ಕಂಪನಿಯಿಂದ ಕಂಪನಿಗೆ ಪದ್ಧತಿ ಬೇರೆ. ಪಿಕ್ಸೆಲ್ ಒಂದೇ ಆಜ್ಞೆಗೆ ಬಾಗುತ್ತದೆ. ಶಿಯೋಮಿ ಅರ್ಜಿ ಹಾಕಿಸಿ, ಸಾಮಾನ್ಯವಾಗಿ ದಿನಗಟ್ಟಲೆ ಕಾಯಿಸುತ್ತದೆ. ಸರ್ಕಾರಿ ನೌಕರರಿಗೆ ಇದು ತ್ವರಿತ ವಿಲೇವಾರಿ ಎನ್ನಿಸಬಹುದು. ಹುವಾವೇ 2018ರಲ್ಲೇ ಅನ್‌ಲಾಕ್ ಕೋಡ್ ಕೊಡುವುದನ್ನು ನಿಲ್ಲಿಸಿತು. ಸ್ಯಾಮ್‌ಸಂಗ್ ಬೀಗ ತೆಗೆಯಲು ಬಿಟ್ಟ ಮಾದರಿಗಳಲ್ಲೂ ಒಳಗೊಂದು ಎಲೆಕ್ಟ್ರಾನಿಕ್ ಫ್ಯೂಸ್ ಇಟ್ಟಿರುತ್ತದೆ. ಹೊರಗಿನ ತಂತ್ರಾಂಶ ಹಾಕಿದ ದಿನ ನಾಕ್ಸ್ ಎಂಬ ಅದರ ಭದ್ರತಾ ವ್ಯವಸ್ಥೆಯ ಎಣಿಕೆ 0ಯಿಂದ 1ಕ್ಕೆ ಏರುತ್ತದೆ, ಮತ್ತೆ ಎಂದೂ ಇಳಿಯುವುದಿಲ್ಲ. ಗುಟ್ಟಿನ ಕಡತಗಳನ್ನಿಡುವ ಸೆಕ್ಯೂರ್ ಫೋಲ್ಡರ್ ಅಂದಿಗೆ ಮುಗಿಯಿತು. ಇಲಾಖಾ ವಿಚಾರಣೆಯಲ್ಲಿ ಮೇಲ್ಮನವಿಯಾದರೂ ಇರುತ್ತದೆ.

ಫ್ರೇಮ್‌ವರ್ಕ್ ಆರಿಸುವುದು

ಇಲ್ಲಿ ಅವಸರ ಮಾಡಬಾರದು, ಸ್ವಲ್ಪ ಚರಿತ್ರೆ ತಿಳಿದುಕೊಳ್ಳಬೇಕು.

ಫೋನಿನ ಮುಖಚಹರೆ ಬದಲಿಸಲು 2012ಕ್ಕೆ ಮೊದಲು ಸಿಸ್ಟಂ ಆ್ಯಪನ್ನೇ ಬಿಚ್ಚಿ, ಒಳಗಿನ ಸಾಲುಗಳನ್ನು ತಿದ್ದಿ, ಮತ್ತೆ ಕಟ್ಟಬೇಕಿತ್ತು. ಮುಂದಿನ ತಿಂಗಳು ಅಪ್‌ಡೇಟ್ ಬಂದರೆ ಅಷ್ಟೂ ಕೆಲಸ ಮತ್ತೊಮ್ಮೆ. ಆ ವರ್ಷ ರೋವೋ89 ಎಂಬ ಹೆಸರಿನ ಜರ್ಮನ್ ಪ್ರೋಗ್ರಾಮರ್ ಎಕ್ಸ್‌ಪೋಸ್ಡ್ ಎಂಬ ಫ್ರೇಮ್‌ವರ್ಕ್ ಹೊರತಂದ. ಆಂಡ್ರಾಯ್ಡಿನಲ್ಲಿ ಪ್ರತಿ ಆ್ಯಪೂ ಜೈಗೋಟ್ ಎಂಬ ಒಂದೇ ಪ್ರಕ್ರಿಯೆಯಿಂದ ಕವಲೊಡೆದು ಹುಟ್ಟುತ್ತದೆ. ಆ ಜೈಗೋಟನ್ನು ಎಬ್ಬಿಸುವ ಆ್ಯಪ್ ಪ್ರೋಸೆಸ್ ಎಂಬ ಕಡತವನ್ನೇ ಎಕ್ಸ್‌ಪೋಸ್ಡ್ ಬದಲಿಸಿ, ತನ್ನ ಸಂಕೇತವನ್ನು ಅದರೊಳಗೆ ಕೂರಿಸಿತು. ಅಲ್ಲಿಂದ ಮುಂದೆ ಹುಟ್ಟುವ ಯಾವ ಆ್ಯಪಿನ ಯಾವ ಕಾರ್ಯವನ್ನಾದರೂ ನಡುದಾರಿಯಲ್ಲಿ ತಡೆದು ಬದಲಿಸಬಹುದು. ಆ್ಯಪಿನ ಕಡತವನ್ನು ಮುಟ್ಟುವುದೇ ಬೇಡ. ಗ್ರಾವಿಟಿಬಾಕ್ಸ್, ಎಕ್ಸ್‌ಪ್ರೈವಸಿ ಮುಂತಾದ ಮಾಡ್ಯೂಲ್‌ಗಳು ಇದರ ಮೇಲೆ ಬೆಳೆದವು. ಎಕ್ಸ್‌ಪ್ರೈವಸಿ ಮಾಡುತ್ತಿದ್ದುದು ಸೊಗಸಾದ ಕೆಲಸ: ಟಾರ್ಚ್ ಆ್ಯಪ್ ನಿಮ್ಮ ಸಂಪರ್ಕಪಟ್ಟಿ ಕೇಳಿದರೆ ಖಾಲಿ ಪಟ್ಟಿ ಕೊಟ್ಟು ಕಳಿಸುವುದು. ಅನುಮತಿಯನ್ನು ಬೇಡವೆನ್ನುವ ಹಕ್ಕನ್ನು ಗೂಗಲ್ ಎಲ್ಲರಿಗೂ ಕೊಟ್ಟದ್ದು 2015ರಲ್ಲಿ, ಆರನೆಯ ಆವೃತ್ತಿಯ ಹೊತ್ತಿಗೆ.

ಎಕ್ಸ್‌ಪೋಸ್ಡ್‌ನ ತೊಡಕು ಏನೆಂದರೆ ಅದು ಸಿಸ್ಟಂ ವಿಭಾಗವನ್ನೇ ತಿದ್ದುತ್ತಿತ್ತು. ಗೂಗಲ್ ಆ ವಿಭಾಗಕ್ಕೆ ಮೊಹರು ಹಾಕಿ, ಬೂಟ್ ಆಗುವಾಗ ಮೊಹರು ಪರೀಕ್ಷಿಸಲು ತೊಡಗಿದಾಗ ಹೊಸ ಉಪಾಯ ಬೇಕಾಯಿತು. 2016ರಲ್ಲಿ ತೈವಾನಿನ ಜಾನ್ ವು ಮ್ಯಾಜಿಸ್ಕ್ ತಂದರು. ಇದನ್ನು ಅರ್ಥ ಮಾಡಿಕೊಳ್ಳಲು ಸಿವಿಲ್ ಲೈನ್ಸಿನವರಷ್ಟು ಅನುಕೂಲ ಇನ್ನಾರಿಗೂ ಇಲ್ಲ. 1953ರ ನಾಗಪುರ ಒಪ್ಪಂದದಂತೆ ಮಹಾರಾಷ್ಟ್ರದ ಶಾಸಕಾಂಗ ವರ್ಷಕ್ಕೊಮ್ಮೆ ಇಲ್ಲಿ ಸೇರಬೇಕು. ಡಿಸೆಂಬರಿನಲ್ಲಿ ಮುಂಬಯಿಯಿಂದ ಕಡತ, ಕುರ್ಚಿ, ಕಾರ್ಯದರ್ಶಿ ಸಮೇತ ಸರ್ಕಾರ ಬರುತ್ತದೆ. ರಾಮಗಿರಿಯಲ್ಲಿ ಮುಖ್ಯಮಂತ್ರಿ, ರವಿ ಭವನದ ಕಾಟೇಜುಗಳಲ್ಲಿ ಮಂತ್ರಿಗಳು, ರಸ್ತೆಗೆ ಅಡ್ಡಲಾಗಿ ಬ್ಯಾರಿಕೇಡು, ಬ್ಯಾರಿಕೇಡಿನ ಆಚೆ ಮೋರ್ಚಾಗಳು. ಇರುವಷ್ಟು ದಿನ ಇದೇ ರಾಜಧಾನಿ. ಅಧಿವೇಶನ ಮುಗಿದ ಮರುದಿನ ಬೋರ್ಡುಗಳು ಇಳಿಯುತ್ತವೆ, ಸಂವಿಧಾನದಲ್ಲೂ ಭೂಪಟದಲ್ಲೂ ಏನೂ ಬದಲಾಗಿರುವುದಿಲ್ಲ. ಮ್ಯಾಜಿಸ್ಕ್ ಕೂಡ ಬೂಟ್ ಆಗುವ ಹೊತ್ತಿನಲ್ಲಿ ಬಂದು, ಸಿಸ್ಟಂ ಕಡತಗಳ ಮೇಲೆ ತನ್ನವನ್ನು ಹಾಸಿ ಕೂರುತ್ತದೆ. ಕೆಳಗಿನ ಸಿಸ್ಟಂ ಮುಟ್ಟದೆ ಉಳಿಯುತ್ತದೆ.

ಎಕ್ಸ್‌ಪೋಸ್ಡ್ ಆಂಡ್ರಾಯ್ಡಿನ ಓರಿಯೋ ಆವೃತ್ತಿಯೊಂದಿಗೆ ನಿಂತುಹೋಯಿತು. ಅದರ ಜಾಗಕ್ಕೆ ಮ್ಯಾಜಿಸ್ಕ್ ಮೇಲೆ ಕೂರುವ ಎಡ್‌ಎಕ್ಸ್‌ಪೋಸ್ಡ್, ಆಮೇಲೆ ಎಲ್‌ಎಸ್‌ಪೋಸ್ಡ್ ಬಂದವು. ಎಲ್‌ಎಸ್‌ಪೋಸ್ಡ್ ವಾಸಿ: ಯಾವ ಮಾಡ್ಯೂಲ್ ಯಾವ ಆ್ಯಪಿನೊಳಗೆ ಮಾತ್ರ ಹೋಗಬೇಕು ಎಂದು ಒಂದೊಂದಾಗಿ ಗುರುತು ಹಾಕಬಹುದು. ಮೂಲ ಯೋಜನೆಯನ್ನು 2024ರ ಜನವರಿಯಲ್ಲಿ ಕಪಾಟಿಗೆ ಸೇರಿಸಿದರು, ಕವಲುಗಳು ಬೇರೆಯವರ ಕೈಯಲ್ಲಿ ನಡೆಯುತ್ತಿವೆ. 2023ರಲ್ಲಿ ಮ್ಯಾಜಿಸ್ಕಿಗೆ ಪರ್ಯಾಯವಾಗಿ ವೀಶು ಎಂಬವರ ಕರ್ನಲ್‌ಎಸ್‌ಯು ಬಂತು. ಅದು ಆಂಡ್ರಾಯ್ಡಿನ ತಿರುಳಾದ ಕರ್ನಲ್ಲಿನೊಳಗೇ ಕೂತು ಅಧಿಕಾರ ಹಂಚುವುದರಿಂದ ಮೇಲಿನ ಆ್ಯಪ್‌ಗಳಿಗೆ ಸುಳಿವು ಕಡಿಮೆ. ಫೋನು 5.10 ಅಥವಾ ಅದಕ್ಕಿಂತ ಹೊಸ, ಗೂಗಲ್ಲಿನ ಸಾಮಾನ್ಯ ಕರ್ನಲ್ ಇರುವಂಥದಾದರೆ ಸಲೀಸು. ಹಳತಾದರೆ ಕರ್ನಲ್ಲನ್ನು ನೀವೇ ಕಟ್ಟಬೇಕು. ಎಪ್ಯಾಚ್ ಎಂಬುದು ಮೂರನೆಯದು, ಅದಕ್ಕೊಂದು ಸೂಪರ್ ಕೀ ಕೊಡಬೇಕು, ಮತ್ತು ಮರೆಯಬಾರದು.

ನನ್ನ ತೀರ್ಪು: ಮೊದಲ ಸಲದವರಿಗೆ ಮ್ಯಾಜಿಸ್ಕ್. ಕೆಟ್ಟರೆ ರಿಪೇರಿ ಗೊತ್ತಿರುವವರು ಹೆಚ್ಚು ಜನ ಇದ್ದಾರೆ. ಉಳಿದ ವಾದವಿವಾದಗಳು ರುಚಿಗೆ ಸಂಬಂಧಿಸಿದವು, ಸಾವ್‌ಜಿ ಮಸಾಲೆಯಲ್ಲಿ ಯಾರ ಮನೆಯದು ಖಾರ ಎನ್ನುವ ಹಾಗೆ.

ಅಳವಡಿಕೆ

ಹೇಳಲು ದೊಡ್ಡದಾದರೂ ಮಾಡಲು ಚಿಕ್ಕದು. ನಿಮ್ಮ ಫೋನಿನಲ್ಲಿರುವ ತಂತ್ರಾಂಶದ ಅದೇ ಬಿಲ್ಡಿನ ಬೂಟ್ ಕಡತವನ್ನು ತೆಗೆದುಕೊಳ್ಳಿ. ಆಂಡ್ರಾಯ್ಡ್ 13ರೊಂದಿಗೇ ಮಾರಾಟಕ್ಕೆ ಬಂದ ಫೋನಾದರೆ ಸಾಮಾನ್ಯವಾಗಿ ಇನಿಟ್ ಬೂಟ್ ಎಂಬ ಕಡತ. ಅದನ್ನು ಮ್ಯಾಜಿಸ್ಕ್ ಆ್ಯಪಿಗೆ ತಿನ್ನಿಸಿ, ಅದು ತೇಪೆ ಹಾಕಿ ಕೊಟ್ಟದ್ದನ್ನು ಲ್ಯಾಪ್‌ಟಾಪಿಗೆ ತಂದು, ಫಾಸ್ಟ್‌ಬೂಟಿನಿಂದ ಫ್ಲ್ಯಾಶ್ ಮಾಡಿ. "ನಮ್ಮ ಫೋನಿನಂಥದ್ದೇ" ಎಂದು ಪಕ್ಕದ ಕ್ವಾರ್ಟರ್ಸಿನ ಹುಡುಗ ಕೊಟ್ಟ ಕಡತ ಬೇಡ. ಕಂಪನಿಯ ಮೂಲ ಬೂಟ್ ಕಡತದ ಪ್ರತಿಯೊಂದನ್ನು ಲ್ಯಾಪ್‌ಟಾಪಿನಲ್ಲೂ ಇನ್ನೊಂದನ್ನು ಪೆನ್‌ಡ್ರೈವಿನಲ್ಲೂ ಇಡಿ.

ಫೋನು ಕಂಪನಿಯ ಲಾಂಛನ ತೋರಿಸಿ, ಆರಿ, ಮತ್ತೆ ಲಾಂಛನ ತೋರಿಸುತ್ತ ಕೂತರೆ ಅದು ಬೂಟ್‌ಲೂಪ್. ಈ ಹಂತದಲ್ಲಿ ಮನೆಯಿಂದ "ರೀ, ಊರಿಂದ ಅತ್ತೆ ಆಗಿನಿಂದ ಫೋನ್ ಮಾಡ್ತಿದ್ದಾರಂತೆ, ಸ್ವಿಚ್ ಆಫ್ ಅಂತ ಬರ್ತಿದೆಯಂತೆ" ಎಂಬ ಸಂದೇಶ ಬರುತ್ತದೆ. ಅಪ್‌ಡೇಟ್ ಆಗ್ತಿದೆ ಎಂದು ಉತ್ತರಿಸಿ. ಸೇಫ್ ಮೋಡಿಗೆ ಬೂಟ್ ಮಾಡಿದರೆ ಮ್ಯಾಜಿಸ್ಕ್ ತನ್ನ ಎಲ್ಲ ಮಾಡ್ಯೂಲ್‌ಗಳನ್ನೂ ಅಮಾನತು ಮಾಡುತ್ತದೆ. ಕರ್ನಲ್‌ಎಸ್‌ಯು ಆದರೆ ಲಾಂಛನ ಕಂಡ ಮೇಲೆ ವಾಲ್ಯೂಮ್ ತಗ್ಗಿಸುವ ಗುಂಡಿಯನ್ನು ಮೂರಕ್ಕಿಂತ ಹೆಚ್ಚು ಸಲ ಒತ್ತಬೇಕು. ಎರಡೂ ನಡೆಯದಿದ್ದರೆ ಪೆನ್‌ಡ್ರೈವ್.

ಅಡಗಿಸುವುದು

ಈಗ ನೀವು ಫೋನಿನ ಸರ್ವಾಧಿಕಾರಿ. ಪರೀಕ್ಷೆಗೆ ಬೆಳಿಗ್ಗೆ ತರ್ರಿ ಪೋಹೆ ಗಾಡಿಗೆ ಹೋಗಿ. ತಿನ್ನಿ. ಕ್ಯೂಆರ್ ಕೋಡಿಗೆ ಫೋನು ಹಿಡಿದು ಹಣ ಕೊಡುವ ಆ್ಯಪ್ ತೆರೆಯಿರಿ. ಈ ಸಾಧನ ಸುರಕ್ಷಿತವಲ್ಲ ಎಂದು ಹೇಳಿ ಆ್ಯಪ್ ಮುಚ್ಚಿಕೊಳ್ಳುತ್ತದೆ. "ಸಾಹೇಬ್, ಚಿಲ್ಲರ್ ಹೈ ಕ್ಯಾ?" ಎಂದು ಗಾಡಿಯವನು ಕೇಳುತ್ತಾನೆ.

ಇಲ್ಲಿಂದ ನಿಜವಾದ ಕೆಲಸ. ಮೊದಲಿಗೆ ಮ್ಯಾಜಿಸ್ಕ್ ಆ್ಯಪಿನ ವೇಷ ಬದಲಿಸಿ. ಅದಕ್ಕೆ ಅದರಲ್ಲೇ ವ್ಯವಸ್ಥೆಯಿದೆ: ಹೊಸ ಗುರುತು ತೊಟ್ಟು ಮತ್ತೆ ಸ್ಥಾಪನೆಯಾಗುತ್ತದೆ, ನೀವು ಬೇರೆ ಹೆಸರು ಸೂಚಿಸದಿದ್ದರೆ ಸೆಟ್ಟಿಂಗ್ಸ್ ಎಂದು ತನ್ನನ್ನು ಕರೆದುಕೊಳ್ಳುತ್ತದೆ. ಎಲ್‌ಎಸ್‌ಪೋಸ್ಡ್‌ನ ವ್ಯವಸ್ಥಾಪಕ ಇನ್ನೂ ಒಂದು ಹೆಜ್ಜೆ ಮುಂದೆ. ಅದಕ್ಕೆ ಪರದೆಯ ಮೇಲೆ ಐಕಾನೇ ಇಲ್ಲದಂತೆ ಇಡಬಹುದು. ಡಯಲರಿನಲ್ಲಿ *#*#5776733#*#* ಎಂದು ಒತ್ತಿದರೆ ಹೊರಬರುತ್ತದೆ. ಹುದ್ದೆಯನ್ನು ಗೇಟಿನ ಮೇಲೆ ಕೆತ್ತಿಸುವ ಬಡಾವಣೆಯಲ್ಲಿ ನಿಮ್ಮ ಅಧಿಕಾರಿ ಹೆಸರು ಬದಲಿಸಿಕೊಂಡು, ವಿಳಾಸವಿಲ್ಲದೆ, ರಹಸ್ಯ ನಂಬರಿಗೆ ಮಾತ್ರ ಓಗೊಡುತ್ತ ಬದುಕುತ್ತಿದ್ದಾನೆ.

ಮೊದಲು ಮ್ಯಾಜಿಸ್ಕ್‌ಹೈಡ್ ಎಂಬ ಸವಲತ್ತು ಅಡಗಿಸುವ ಕೆಲಸವನ್ನು ತಾನೇ ಮಾಡುತ್ತಿತ್ತು. 2021ರಲ್ಲಿ ಜಾನ್ ವು ಗೂಗಲ್ಲಿನಲ್ಲೇ, ಅದೂ ಆಂಡ್ರಾಯ್ಡ್ ಭದ್ರತೆಯ ತಂಡದಲ್ಲಿ, ಕೆಲಸಕ್ಕೆ ಸೇರಿದರು. 2022ರ ಜನವರಿಯಲ್ಲಿ ಬಂದ 24ನೆಯ ಆವೃತ್ತಿಯಲ್ಲಿ ಆ ಸವಲತ್ತು ಇರಲಿಲ್ಲ. ಅದರ ಬದಲು ಜೈಗೋಟಿನೊಳಗೆ ಸೇರಿಕೊಳ್ಳುವ ಜೈಗಿಸ್ಕ್ ಮತ್ತು ಡಿನೈಲಿಸ್ಟ್ ಬಂದವು. ಡಿನೈಲಿಸ್ಟ್ ನೀವು ಹೆಸರಿಸಿದ ಆ್ಯಪಿನೊಳಗೆ ಮ್ಯಾಜಿಸ್ಕ್ ಹೋಗದಂತೆ ತಡೆಯುತ್ತದೆ, ಸುಳ್ಳು ಹೇಳುವುದಿಲ್ಲ. ಸುಳ್ಳು ಹೇಳಲು ಬೇರೆಯವರ ಮಾಡ್ಯೂಲ್ ಬೇಕು: ಶಾಮಿಕೋ ಒಂದು, ಪ್ಲೇ ಇಂಟೆಗ್ರಿಟಿ ಫಿಕ್ಸ್ ಇನ್ನೊಂದು, ಆ್ಯಪ್‌ಗಳ ಪಟ್ಟಿ ಮರೆಸಲು ಮತ್ತೊಂದು. ಫೋನು ನಂಬಲರ್ಹವೇ ಎಂದು ಆ್ಯಪ್‌ಗಳ ಪರವಾಗಿ ಪರೀಕ್ಷಿಸುವ ಗೂಗಲ್ಲಿನ ಪ್ಲೇ ಇಂಟೆಗ್ರಿಟಿ ಮೂರು ಮಟ್ಟದಲ್ಲಿ ತೀರ್ಪು ಕೊಡುತ್ತದೆ. ಬೇಸಿಕ್ ದಾಟಬಹುದು, ಡಿವೈಸ್ ಹರಸಾಹಸದಿಂದ ದಾಟಬಹುದು. ಸ್ಟ್ರಾಂಗ್ ಎಂಬುದು ಚಿಪ್ಪಿನೊಳಗೆ ಕಾರ್ಖಾನೆಯಲ್ಲೇ ಇಟ್ಟ ಕೀಲಿಯ ಸಾಕ್ಷಿ ಕೇಳುತ್ತದೆ, ಬೀಗ ತೆಗೆದ ಫೋನಿನಲ್ಲಿ ಆ ಸಾಕ್ಷಿ ನಿಮ್ಮ ವಿರುದ್ಧವೇ ನುಡಿಯುತ್ತದೆ. ಎಲ್ಲೋ ಸೋರಿದ ಕೀಲಿಕಡತ ತಂದು ಹಾಕುವವರಿದ್ದಾರೆ. ಗೂಗಲ್ ಅದನ್ನು ರದ್ದು ಮಾಡುವವರೆಗೆ ನಡೆಯುತ್ತದೆ.

ಇಷ್ಟಾದ ಮೇಲೆ ಲೆಕ್ಕ ಹಾಕಿ ನೋಡಿ. ಬ್ಯಾಟರಿಗೆಂದು ಒಂದು ಮಾಡ್ಯೂಲ್ ಇದೆ. ಆ ಮಾಡ್ಯೂಲ್ ಇದೆಯೆಂದು ಬ್ಯಾಂಕಿಗೆ ಗೊತ್ತಾಗದಿರಲು ಮೂರೋ ನಾಲ್ಕೋ ಇವೆ, ಅವುಗಳ ಪೈಕಿ ಶಾಮಿಕೋದ ಮೂಲ ಸಂಕೇತ ಯಾರಿಗೂ ನೋಡಲು ಸಿಗುವುದಿಲ್ಲ. ಸ್ವಂತ ಫೋನಿನಲ್ಲಿ ತನಗೆ ತಿಳಿಯದ್ದೇನೂ ನಡೆಯಬಾರದು ಎಂದು ಹೊರಟವರು ಯಾರಿಗೂ ಕಾಣದ ಆ ಸಂಕೇತಕ್ಕೇ ಸರ್ವಾಧಿಕಾರದ ಸಹಿ ಹಾಕಿ ಕೊಟ್ಟಿರುತ್ತಾರೆ. ಬ್ಯಾಂಕಿನ ಅನುಮಾನ ತೀರಾ ಅನ್ಯಾಯದ್ದೂ ಅಲ್ಲ: ಎಕ್ಸ್‌ಪ್ರೈವಸಿ ಟಾರ್ಚ್ ಆ್ಯಪಿಗೆ ಸುಳ್ಳು ಹೇಳಿದ ದಾರಿಯಲ್ಲೇ ಇನ್ನೊಂದು ಮಾಡ್ಯೂಲ್ ಬ್ಯಾಂಕ್ ಆ್ಯಪಿನ ಒಳಹೊಕ್ಕು ಪಿನ್ ಓದಬಲ್ಲದು. ಆದ್ದರಿಂದ ಮಾಡ್ಯೂಲ್ ಬರೆದವರು ಯಾರು, ಸಂಕೇತ ಎಲ್ಲಿದೆ ಎಂದು ತಿಳಿಯದೆ ಯಾವುದನ್ನೂ ಹಾಕಬೇಡಿ.

ಅಂತಿಮ ಜೋಡಣೆ

ಅನುಭವಸ್ಥರೆಲ್ಲ ಕೊನೆಗೆ ತಲುಪುವ ಏರ್ಪಾಡು ಒಂದೇ. ಅಗ್ಗದ್ದೊಂದು ಎರಡನೆಯ ಫೋನು ಕೊಳ್ಳಿ. ಅದರ ಬಿಲ್ಡ್ ನಂಬರನ್ನು ಒಮ್ಮೆಯೂ ತಟ್ಟಬೇಡಿ. ಯುಪಿಐ ಆ್ಯಪ್ ಸಿಮ್‌ನಿಂದ ಎಸ್‌ಎಂಎಸ್ ಕಳಿಸಿ ಗುರುತು ಹಿಡಿಯುವುದರಿಂದ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಇದಕ್ಕೇ ಹೋಗಬೇಕು. ಊರಿನವರಿಗೆಲ್ಲ ಗೊತ್ತಿರುವುದೂ ಅದೇ ನಂಬರು, ಹಾಗಾಗಿ ಕರೆಗಳೂ ಇದಕ್ಕೇ ಬರುತ್ತವೆ. ರೂಟ್ ಮಾಡಿದ ಫೋನು ಮನೆಯ ವೈಫೈನಲ್ಲಿ ಇರಲಿ. ಅದರ ಚಾರ್ಜು 80ಕ್ಕೆ ನಿಲ್ಲುತ್ತದೆ.