ತಲೆಯ ಮೇಲೊಂದು ದೋಣಿ

ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ರಸ್ತೆ ನೋಡಬೇಕು. ಸೈಕಲ್ ಸವಾರಿಗೆಂದು ಬೆಂಗಳೂರು ಬಿಟ್ಟವರು ಕಾರಿನೊಳಗೆ ತೂಕಡಿಸುತ್ತಿರುತ್ತಾರೆ. ಸವಾರಿಯೆಲ್ಲ ಕಾರಿನ ನೆತ್ತಿಯೇರಿದ ಸೈಕಲ್ಲಿನದು. ನಮ್ಮ ಭಾವ ಸಾಲದ್ದಕ್ಕೆ ಒಂದು ಕಯಾಕನ್ನೂ ಕೊಂಡಿದ್ದಾರೆ.

"ಅಷ್ಟು ಭಾರ ತಡೆಯುತ್ತಾ ಭಾವ?"

"ಮೊನ್ನೆ ನಾನೇ ಹತ್ತಿ ನಿಂತಿದ್ನಲ್ಲೋ!"

ನಿಂತ ಕಾರಿಗೆ ಭಾವ ಭಾರವಲ್ಲ, ನಿಜ. ಓಡುವ ಕಾರಿನ ಲೆಕ್ಕವೇ ಬೇರೆ. ಕಾರಿನ ಕೈಪಿಡಿ ಹೇಳುವ ಭಾರದ ಮಿತಿಯಲ್ಲಿ ಸಾಮಾನ್ಯವಾಗಿ ನೆತ್ತಿಯ ಮೇಲಿನ ರ‍್ಯಾಕಿನ ತೂಕವೂ ಸೇರಿರುತ್ತದೆ. ವೇಗ 50ರಿಂದ 100 ಕಿ.ಮೀ.ಗೆ ಏರಿದರೆ ಗಾಳಿಯ ಹೊಡೆತ ಎರಡಲ್ಲ, ನಾಲ್ಕು ಪಟ್ಟು. ಹಾಗಾಗಿ ನಡುವಿಗೆ ಎರಡು ಪಟ್ಟಿ ಸಾಲದು, ದೋಣಿಯ ಮೂತಿಗೂ ಬಾಲಕ್ಕೂ ಹಗ್ಗ ಬೇಕು. ಹಾಗೆಂದು ಲಾರಿಯವರ ರ‍್ಯಾಚೆಟ್ ಪಟ್ಟಿ ಹಾಕಿ ಕಟಕಟ ಬಿಗಿದಿರೋ, ಪ್ಲಾಸ್ಟಿಕ್ ದೋಣಿ ಸೊಟ್ಟಗಾಗುತ್ತದೆ. ಪಟ್ಟಿಯನ್ನು ಚಪ್ಪಟೆಯಾಗಿ ಎಳೆದರೆ ಹೈವೇಯುದ್ದಕ್ಕೂ ತಂಬೂರಿಯಂತೆ ಗುಂಯ್‌ಗುಡುತ್ತದೆ. ಒಂದೆರಡು ತಿರುಚು ಕೊಟ್ಟರೆ ತೆಪ್ಪಗಾಗುತ್ತದೆ. ಅಕ್ಕನಿಗೆ ಸಂಗೀತ ಗೊತ್ತು, ತಿರುಚುವ ಕೆಲಸ ಅವಳದೇ. ಕೊನೆಗೆ ಸೈಕಲ್ ಹಿಡಿದು ಜಗ್ಗಿ ನೋಡಬೇಕು: ಸೈಕಲ್ ಜತೆ ಕಾರೂ ಅಲುಗಿದರೆ ಹೊರಡಬಹುದು.

ನಿಜವಾದ ಶತ್ರು ಗಾಳಿಯಲ್ಲ, ಮಾಲಿನ ನೆಲಮಾಳಿಗೆಯ ಬಾಗಿಲಲ್ಲಿ ತೂಗುವ ಹಳದಿ-ಕಪ್ಪು ಕಂಬಿ. ಕಾರು ಒಂದೂವರೆ ಮೀಟರ್, ಅದರ ಮೇಲೆ ನಿಂತ ಸೈಕಲ್ ಇನ್ನೊಂದು ಮೀಟರ್. ಒಳಗೆ ಕೂತವರಿಗೆ ಇದು ಮರೆತೇಹೋಗುತ್ತದೆ. ಅದಕ್ಕೇ ಅಕ್ಕ ಸ್ಟಿಯರಿಂಗಿಗೆ "ಮೇಲೆ ಸೈಕಲ್ ಇದೆ" ಎಂದು ಚೀಟಿ ಅಂಟಿಸಿದ್ದಾಳೆ. ಸೈಕಲ್ ಇಳಿಸಿದ ಮೇಲೂ ಭಾವ ಆ ಚೀಟಿ ಕೀಳುವುದಿಲ್ಲ. ಮಾಲಿಗೆ ಬರುವುದಿಲ್ಲ ಎನ್ನಲು ಇಷ್ಟು ಗಟ್ಟಿ ನೆಪ ಯಾವ ಗಂಡನಿಗೆ ಸಿಕ್ಕೀತು? ಅಕ್ಕ ಆಟೋ ಹಿಡಿಯುತ್ತಾಳೆ.